ದಿನಬಳಕೆಯ ಕಾರಿನ ಸುಧಾರಣೆ: ಯಾವ ಕೆಲಸ ಮೊದಲು, ಯಾವುದು ಕೊನೆಗೆ

ಪುಣೆಯ ಹಿಂಜವಡಿಯ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಕೆಲಸ ಮಾಡುವ ನನ್ನ ಸೋದರಳಿಯ ಕಳೆದ ವರ್ಷ 2015ರ ಪೋಲೋ ಜಿಟಿ ಟಿಎಸ್‌ಐ ಕಾರೊಂದನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡು, ಕೊಂಡ ವಾರದಲ್ಲೇ ಕೋಥರೂಡಿನ ನಮ್ಮ ಮನೆಗೆ ಒಂದು ಚೀಟಿ ಹಿಡಿದು ಬಂದ. ಚೀಟಿಯ ಮೊದಲ ಸಾಲಿನಲ್ಲಿ ಇಸಿಯು ರೀಮ್ಯಾಪ್ (ಎಂಜಿನ್ನನ್ನು ನಡೆಸುವ ಕಂಪ್ಯೂಟರಿನ ಲೆಕ್ಕವನ್ನು ಬಲ ಹೆಚ್ಚುವಂತೆ ತಿದ್ದಿಸುವುದು), ಎರಡನೆಯದರಲ್ಲಿ ಸೈಲೆನ್ಸರ್, ಮೂರನೆಯದರಲ್ಲಿ ಹದಿನೇಳು ಇಂಚಿನ ಅಲಾಯ್ ಚಕ್ರ ಇದ್ದವು; ಬ್ರೇಕು ಏಳನೆಯ ಸಾಲಿನಲ್ಲಿತ್ತು, ಅದೂ ಕ್ಯಾಲಿಪರಿಗೆ, ಅಂದರೆ ಬ್ರೇಕಿನ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗಕ್ಕೆ, ಕೆಂಪು ಬಣ್ಣ ಹೊಡೆಸುವುದು ಎಂಬ ರೂಪದಲ್ಲಿ. "ಮಾಮಾ, ಮೊದಲ ರೀಮ್ಯಾಪ್ ಮಾಡಸ್ತೇನಿ, ಉಳದದ್ದು ಆಮ್ಯಾಲೆ ನೋಡಿದರಾತು" ಎಂದ. ನಾನು ಅವನನ್ನು ಕೆಳಗೆ ಕರೆದುಕೊಂಡು ಹೋಗಿ, ಮುಂದಿನ ಎಡ ಟೈರಿನ ಮಗ್ಗುಲಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿಗಳನ್ನು ಓದಲು ಹೇಳಿದೆ. 3215 ಎಂದಿತ್ತು. ಅಂದರೆ ಅದು 2015ನೆಯ ಇಸವಿಯ 32ನೆಯ ವಾರದಲ್ಲಿ ತಯಾರಾದ ಟೈರು. ಪಟ್ಟೆ ಇನ್ನೂ ಆಳವಾಗಿಯೇ ಇದ್ದರೂ ರಬ್ಬರು ಉಗುರು ಒತ್ತಿದರೆ ತಗ್ಗದಷ್ಟು ಗಟ್ಟಿಯಾಗಿತ್ತು. ಈ ಬರಹ ಆ ಚೀಟಿಯನ್ನು ನಾವಿಬ್ಬರೂ ಕುಳಿತು ತಿದ್ದಿದ ರೀತಿಯನ್ನು ಕುರಿತದ್ದು.

ಸುಧಾರಣೆಯ ಯೋಜನೆಯಲ್ಲಿ ಎರಡು ಬೇರೆ ಬೇರೆ ಕ್ರಮಗಳಿರುತ್ತವೆ ಎಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಒಂದು ನಿರ್ಧರಿಸುವ ಕ್ರಮ, ಇನ್ನೊಂದು ಜೋಡಿಸುವ ಕ್ರಮ. ನಿರ್ಧಾರವು ಎಂಜಿನ್ನಿನಿಂದ ಆರಂಭವಾಗಿ ಗೇರ್‌ಬಾಕ್ಸು, ಬ್ರೇಕು, ಚಕ್ರಗಳನ್ನು ದಾಟಿ ಟೈರಿಗೆ ಇಳಿಯಬೇಕು. ಜೋಡಣೆಯು ಟೈರಿನಿಂದ ಆರಂಭವಾಗಿ ಎಂಜಿನ್ನಿಗೆ ಏರಬೇಕು. ಈ ಎರಡನ್ನೂ ಒಂದೇ ಎಂದು ತಿಳಿದವರು ಒಂದೇ ಕೆಲಸಕ್ಕೆ ಎರಡೆರಡು ಸಲ ದುಡ್ಡು ಕೊಡುತ್ತಾರೆ, ಇಲ್ಲವೇ ಓಡುವ ಶಕ್ತಿ ಬಂದ ಕಾರಿಗೆ ನಿಲ್ಲುವ ಶಕ್ತಿ ಬರುವ ತನಕ ಕೆಲವು ತಿಂಗಳು ಪುಣ್ಯದ ಬಲದಲ್ಲಿ ಓಡಾಡುತ್ತಾರೆ.

ಕಾಗದದ ಮೇಲೆ: ಎಂಜಿನ್ನಿನಿಂದ ಕೆಳಕ್ಕೆ

ಮೊದಲು ಕೇಳಿಕೊಳ್ಳಬೇಕಾದದ್ದು ಎಷ್ಟು ಬಲ ಬೇಕು ಎಂಬುದನ್ನಲ್ಲ, ಯಾವ ರಸ್ತೆಯಲ್ಲಿ ಬೇಕು ಎಂಬುದನ್ನು. ನಮ್ಮವರಲ್ಲಿ ಹಲವರ ಕಾರು ವಾರವಿಡೀ ಪುಣೆಯ ಟ್ರಾಫಿಕ್ಕಿನಲ್ಲಿ ಒಂದು-ಎರಡನೆಯ ಗೇರಿನಲ್ಲಿ ತೆವಳಿ, ಹಬ್ಬ ಹುಣ್ಣಿಮೆಗೆ ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಧಾರವಾಡದ ಕಡೆಗೆ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ಓಡುತ್ತದೆ. ಆ ದಾರಿಯಲ್ಲಿ ಬೇಕಾದದ್ದು ಟ್ರಕ್ಕನ್ನು ದಾಟುವಾಗ ಮಧ್ಯಮ ವೇಗದಲ್ಲಿ ಸಿಗುವ ಎಳೆತವೇ ಹೊರತು ಗರಿಷ್ಠ ವೇಗವಲ್ಲ. ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರುಗಳಿಗೆ ಗಂಟೆಗೆ 100 ಕಿಲೋಮೀಟರ್ ಮಿತಿಯಿದೆ, ಬೋರ್ ಘಾಟಿನಲ್ಲಿ ಅದಕ್ಕಿಂತಲೂ ಕಡಿಮೆ. ಅಲ್ಲಿ ಕ್ಯಾಮೆರಾಗಳಿಗೆ ಕರುಣೆಯಿಲ್ಲ. ನಿಜವಾಗಿಯೂ ಪೂರ್ತಿ ಬಲವನ್ನು ನೋಡಬೇಕೆನ್ನುವವರಿಗೆ ಲೋಣಾವಳಾ ಬಳಿಯ ಆ್ಯಂಬಿ ವ್ಯಾಲಿಯ ವಿಮಾನಪಟ್ಟಿಯಲ್ಲಿ ನಡೆದಂಥ ಡ್ರ್ಯಾಗ್ ಸ್ಪರ್ಧೆಗಳೋ ಕೊಯಮತ್ತೂರು, ಚೆನ್ನೈಗಳ ಟ್ರ್ಯಾಕುಗಳೋ ತಕ್ಕ ಸ್ಥಳ. ಅದು ಬೇರೆಯೇ ಪಟ್ಟಿ, ಬೇರೆಯೇ ಬಜೆಟ್ಟು.

ರಸ್ತೆ ಗೊತ್ತಾದ ಮೇಲೆ ಎಂಜಿನ್ನಿನ ಕೊನೆಯ ಗುರಿಯನ್ನು ಪಿಎಸ್‌ನಲ್ಲಿ (ಅಶ್ವಶಕ್ತಿಯಲ್ಲಿ) ಬರೆಯುವುದಕ್ಕಿಂತ ಟಾರ್ಕಿನಲ್ಲಿ (ತಿರುಗಿಸುವ ಬಲದಲ್ಲಿ) ಬರೆಯುವುದು ಒಳ್ಳೆಯದು, ಏಕೆಂದರೆ ಗೇರ್‌ಬಾಕ್ಸು ಮತ್ತು ಕ್ಲಚ್ಚು ತಾಳಬೇಕಾದದ್ದು ಟಾರ್ಕನ್ನು. ಅಳಿಯನ ಕಾರಿನ 1.2 ಲೀಟರ್ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನವಿರುವ) ಎಂಜಿನ್ ಕಂಪನಿಯಿಂದ ಬರುವಾಗ 105 ಪಿಎಸ್ ಬಲ, 175 ನ್ಯೂಟನ್ ಮೀಟರ್ ಟಾರ್ಕು ಕೊಡುತ್ತದೆ. ಅದರ ಏಳು ಗೇರಿನ, ತಾನಾಗಿಯೇ ಗೇರು ಬದಲಿಸುವ ಡ್ರೈ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸು 250 ನ್ಯೂಟನ್ ಮೀಟರ್‌ವರೆಗಿನ ಟಾರ್ಕಿಗೆ ವಿನ್ಯಾಸಗೊಂಡದ್ದು. ಆದ್ದರಿಂದ ಗೇರ್‌ಬಾಕ್ಸನ್ನು ಮುಟ್ಟದೆ ಇರಬೇಕೆಂದರೆ ಗುರಿಯು ಆ ಮಿತಿಯ ಒಳಗೇ, ಸ್ವಲ್ಪ ಅಂತರ ಬಿಟ್ಟು, ಇರಬೇಕು. ನಾವು 220 ಎಂದು ಬರೆದು ಅದರ ಕೆಳಗೆ ಗೆರೆ ಎಳೆದೆವು. ಆ ಒಂದು ಗೆರೆಯಿಂದ ದೊಡ್ಡ ಟರ್ಬೊ, ಬೇರೆ ಕ್ಲಚ್ಚು, ಬೇರೆ ಫ್ಯುಯೆಲ್ ಪಂಪು ಎಂಬ ಮೂರು ಸಾಲುಗಳು ತಾವಾಗಿಯೇ ಅಳಿಸಿಹೋದವು. ಮ್ಯಾನ್ಯುವಲ್ ಗೇರಿನ ಕಾರಾಗಿದ್ದರೆ ಲೆಕ್ಕ ಬೇರೆ. ಅಲ್ಲಿ ಹಳೆಯ ಕ್ಲಚ್ ಪ್ಲೇಟು ಮೇಲಿನ ಗೇರಿನಲ್ಲಿ ಜಾರುತ್ತಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು, ಮತ್ತು ಗೇರ್‌ಬಾಕ್ಸು ಯಾವುದೋ ಕಾರಣಕ್ಕೆ ಕೆಳಗಿಳಿದಾಗಲೇ ಕ್ಲಚ್ಚನ್ನೂ ಬದಲಿಸಿದರೆ ಮಜೂರಿ ಉಳಿಯುತ್ತದೆ.

ಬಲದಿಂದ ಬ್ರೇಕಿಗೆ, ಬ್ರೇಕಿನಿಂದ ಚಕ್ರಕ್ಕೆ, ಚಕ್ರದಿಂದ ಟೈರಿಗೆ ಬರುವ ನಂಟನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ನನ್ನ ಹಳೆಯ ಸ್ವಿಫ್ಟಿಗೆ ಮುಂಬಯಿಯ ಕುರ್ಲಾ ಕಡೆಯ ಸಿಎಸ್‌ಟಿ ರಸ್ತೆಯಲ್ಲಿ ನೋಡಲು ಚೆಂದವಾದ, ಬೆಲೆಯಲ್ಲೂ ಅಗ್ಗವಾದ ಹದಿನಾಲ್ಕು ಇಂಚಿನ ಅಲಾಯ್‌ಗಳನ್ನು ಕೊಂಡೆ, ಅವುಗಳಿಗೆ ಹೊಸ ಟೈರು ಹಾಕಿಸಿದೆ. ಒಂದೂವರೆ ವರ್ಷದ ಮೇಲೆ ದೊಡ್ಡ ಡಿಸ್ಕು ಮತ್ತು ಕ್ಯಾಲಿಪರು ಹಾಕಿಸಲು ಹೋದಾಗ ಚಕ್ರದ ಕಡ್ಡಿಯ ಒಳಮೈ ಕ್ಯಾಲಿಪರಿಗೆ ತಾಗಿ, ಚಕ್ರ ಕಾಲು ಸುತ್ತೂ ತಿರುಗಲಿಲ್ಲ. ಚಕ್ರ ನಾಲ್ಕು, ಟೈರು ನಾಲ್ಕು, ಅಲೈನ್‌ಮೆಂಟು ಒಂದು, ಎಲ್ಲವೂ ಎರಡನೆಯ ಸಲ. ಈಗ ನಾನು ಯಾರಿಗೇ ಹೇಳುವುದಾದರೂ, ದೊಡ್ಡ ಬ್ರೇಕು ಪಟ್ಟಿಯಲ್ಲಿ ಎಲ್ಲಿಯಾದರೂ ಇದ್ದರೆ ಆ ಕ್ಯಾಲಿಪರಿನ ಆಕಾರವನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿಕೊಂಡು ಚಕ್ರದ ಅಂಗಡಿಗೆ ಹೋಗಿ, ಚಕ್ರವನ್ನು ಮಗುಚಿ ಹಬ್ಬಿನ (ಚಕ್ರದ ನಡುಭಾಗದ) ಮೈಗೆ ಆ ರಟ್ಟನ್ನು ಆನಿಸಿ ಸುತ್ತಲೂ ತಿರುಗಿಸಿ ನೋಡಿ ಎನ್ನುತ್ತೇನೆ. ಎಲ್ಲ ಕಡೆಯೂ ಕನಿಷ್ಠ ಎರಡು-ಮೂರು ಮಿಲಿಮೀಟರ್ ಸಂದು ಕಾಣಬೇಕು. ಅಂಗಡಿಯವನು ನಗುತ್ತಾನೆ, ನಗಲಿ.

ಇದೇ ಹಂತದಲ್ಲಿ ಕಾನೂನಿನ ಕತ್ತರಿಯನ್ನೂ ಆಡಿಸಿಬಿಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು, ಅದೇ ವರ್ಷದ ತಿದ್ದುಪಡಿಯು ಇಂಥ ಪ್ರತಿಯೊಂದು ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡವನ್ನೋ ಆರು ತಿಂಗಳವರೆಗೆ ಸೆರೆವಾಸವನ್ನೋ ಇಲ್ಲವೇ ಎರಡನ್ನೂ ವಿಧಿಸಲು ದಾರಿ ಮಾಡಿತು. ಹೊಗೆಯ ವಿಷವನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ತೆಗೆದುಹಾಕುವ ಪೈಪುಗಳು, ಗಲ್ಲಿಯನ್ನೇ ಎಬ್ಬಿಸುವ ಸೈಲೆನ್ಸರುಗಳು ಇವೆಲ್ಲ ಪಟ್ಟಿಯಿಂದ ಇಲ್ಲಿಯೇ ಹೊರಬೀಳಬೇಕು. ರೀಮ್ಯಾಪ್ ಕೂಡ ಈ ನೆರಳಿನಿಂದ ಪೂರ್ತಿ ಹೊರಗಿಲ್ಲ: ಹೊಸ ಕಾರಾದರೆ ಎಂಜಿನ್ನಿನ ವಾರಂಟಿ ಕೈಬಿಡುವ ಸಂಭವವಿದೆ, ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಲ್ಲಂತೂ ಬದಲಾದ ಸಾಫ್ಟ್‌ವೇರನ್ನು ಕಂಪನಿಯ ಯಂತ್ರ ಗುರುತಿಸಬಲ್ಲದು. ಮಾರ್ಪಾಡನ್ನು ವಿಮಾ ಕಂಪನಿಗೆ ಬರೆದು ತಿಳಿಸದಿದ್ದರೆ ಅಪಘಾತವಾದಾಗ ಕ್ಲೈಮು ತಿರಸ್ಕೃತವಾಗಬಹುದು. ಇದನ್ನೆಲ್ಲ ತೂಗಿ, ಬೇಕೇ ಬೇಡವೇ ಎಂದು ಈಗಲೇ ನಿರ್ಧರಿಸಬೇಕು. ದುಡ್ಡು ಕೊಟ್ಟ ಮೇಲೆ ಯಾರ ತಕ್ಕಡಿಯೂ ಸಮನಾಗಿರುವುದಿಲ್ಲ.

ಕಾರನ್ನು ಮೊದಲು ಅದರ ಮೂಲಸ್ಥಿತಿಗೆ ತರುವುದು

ಜೋಡಣೆಯ ಕ್ರಮದಲ್ಲಿ ಟೈರಿಗೂ ಮೊದಲು ಬರುವುದು ಸುಧಾರಣೆ ಎಂದು ಯಾರೂ ಕರೆಯದ ಕೆಲಸ. ಹತ್ತು ವರ್ಷದ ಕಾರು ಕಂಪನಿ ಹೇಳಿದ 105 ಪಿಎಸ್ ಕೊಡುತ್ತಿದೆ ಎಂದು ನಂಬಲು ಯಾವ ಕಾರಣವೂ ಇಲ್ಲ. ಎಂಜಿನ್ ಆಯಿಲ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಕೂಲಂಟ್ ಇವುಗಳನ್ನು ಬದಲಿಸಿ, ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ (ಒಳಗೆ ಹುಟ್ಟುವ ಒತ್ತಡ) ಅಳೆಸಬೇಕು. ಅಂಕಿ ದೊಡ್ಡದಾಗಿರುವುದಕ್ಕಿಂತ ನಾಲ್ಕೂ ಒಂದಕ್ಕೊಂದು ಹತ್ತಿರವಾಗಿರುವುದು ಮುಖ್ಯ. ಒಂದು ಸಿಲಿಂಡರು ಉಳಿದವುಗಳಿಗಿಂತ ಶೇಕಡಾ ಹತ್ತಕ್ಕೂ ಮೀರಿ ಕೆಳಗಿದ್ದರೆ ಬಲ ಹೆಚ್ಚಿಸುವ ಮಾತನ್ನು ಅಲ್ಲಿಗೇ ನಿಲ್ಲಿಸಿ ಎಂಜಿನ್ ರಿಪೇರಿಯ ಮಾತು ಆಡಬೇಕು. ಟೈಮಿಂಗ್ ಚೈನ್ ಇರುವ ಎಂಜಿನ್ನಾದರೆ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಬಾನೆಟ್ಟಿನ ಬಳಿ ನಿಂತು, ಎರಡು ಸೆಕೆಂಡು ಗರಗರ ಸದ್ದು ಬರುತ್ತದೆಯೇ ಎಂದು ಕಿವಿಗೊಡಬೇಕು. ಟರ್ಬೊ ಕಾರಿನಲ್ಲಿ ಗಾಳಿಯ ಹೋಸುಗಳ ಕ್ಲಿಪ್ಪು ಸಡಿಲಾಗಿ ಸೋರುವುದು ತೀರ ಸಾಮಾನ್ಯ; ಗಾಡಿ ಎಳೆಯುವುದಿಲ್ಲ ಎಂಬ ದೂರಿಗೆ ಎಷ್ಟೋ ಸಲ ಕಾರಣ ಇಂಥ ಒಂದು ಕ್ಲಿಪ್ಪು, ಅದನ್ನು ಬಿಗಿಯಲು ಬೇಕಾದದ್ದು ಒಂದು ಸ್ಕ್ರೂಡ್ರೈವರು.

ಅಳಿಯನ ಕಾರಿಗೆ ಈ ಹಂತದಲ್ಲಿ ಪ್ಲಗ್ಗುಗಳು, ಒಂದು ಇಗ್ನಿಷನ್ ಕಾಯಿಲು, ಎರಡು ಎಂಜಿನ್ ಮೌಂಟಿಂಗು, ಆಯಿಲು ಮತ್ತು ಕೂಲಂಟ್ ಬೇಕಾದವು. ಗ್ಯಾರೇಜಿನಿಂದ ಹೊರಗೆ ಬಂದು ಮುಖ್ಯರಸ್ತೆಗೆ ತಿರುಗುವಷ್ಟರಲ್ಲಿ ಅವನು "ಮಾಮಾ, ಇದ ಬ್ಯಾರೆ ಗಾಡಿನ ಆಗೇದ" ಎಂದ. ಒಂದು ಪಿಎಸ್ ಕೂಡ ಹೊಸದಾಗಿ ಸೇರಿರಲಿಲ್ಲ. ಕಳೆದುಹೋದದ್ದು ಮರಳಿತ್ತು ಅಷ್ಟೇ.

ಟೈರು

ಟೈರಿನ ವಿಷಯದಲ್ಲಿ ಅಳತೆಗಿಂತ ಗುಣ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಆ ಕಾರಿಗಿದ್ದ 185/60 ಆರ್15 (ಅಗಲ 185 ಮಿಲಿಮೀಟರ್, ಮಗ್ಗುಲ ಎತ್ತರ ಅದರ ಶೇಕಡಾ 60, ರಿಮ್ಮು 15 ಇಂಚು) ಟೈರಿನ ಹೊರವ್ಯಾಸ ಸುಮಾರು 603 ಮಿಲಿಮೀಟರ್. ಅದರ ಜಾಗಕ್ಕೆ 195/55 ಆರ್15 ಹಾಕಿದರೆ 595 ಆಗುತ್ತದೆ, 195/60 ಆರ್15 ಹಾಕಿದರೆ 615 ಆಗುತ್ತದೆ. ಎರಡೂ ಮೂಲಕ್ಕಿಂತ ಶೇಕಡಾ ಎರಡರ ಆಸುಪಾಸಿನಲ್ಲಿರುವುದರಿಂದ ಸ್ಪೀಡೋಮೀಟರು ಹೆಚ್ಚು ಸುಳ್ಳು ಹೇಳುವುದಿಲ್ಲ, ಬ್ರೇಕು ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ ಕೂಡ ಗೊಂದಲಕ್ಕೆ ಬೀಳುವುದಿಲ್ಲ. ಹದಿನೇಳು ಇಂಚಿಗೆ ಹಾರಿದರೆ ಟೈರಿನ ಮಗ್ಗುಲು ತೆಳುವಾಗಿ, ಚಕ್ರ ಭಾರವಾಗಿ, ಮಳೆಗಾಲದ ಪುಣೆಯ ಮೊದಲ ಗುಂಡಿಯಲ್ಲೇ ರಿಮ್ಮಿನ ಅಂಚು ಬಾಗುತ್ತದೆ. ಮಗ್ಗುಲ ಮೇಲೆ ಅಳತೆಯ ಪಕ್ಕದಲ್ಲಿರುವ ಅಂಕಿ ಭಾರದ ಗುರುತು: 84 ಎಂದರೆ ಒಂದು ಟೈರು 500 ಕಿಲೋ ಹೊರಬಲ್ಲದು. ಅದರ ಪಕ್ಕದ ಅಕ್ಷರ ವೇಗದ ಗುರುತು: ಟಿ ಎಂದರೆ 190, ಎಚ್ ಎಂದರೆ 210, ವಿ ಎಂದರೆ 240 ಕಿಲೋಮೀಟರ್. ಈ ಎರಡರಲ್ಲಿ ಯಾವುದೂ ಕಂಪನಿ ಕೊಟ್ಟದ್ದಕ್ಕಿಂತ ಕೆಳಗೆ ಇಳಿಯಬಾರದು, ಅಂಗಡಿಯವನು ಎಷ್ಟೇ ಒಳ್ಳೆಯ ಸ್ಕೀಮು ಹೇಳಿದರೂ.

ಟೈರನ್ನು ಮೊದಲು ಬದಲಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಬ್ರೇಕಿನ ದೋಷವೆಂದೂ ಸ್ಟಿಯರಿಂಗಿನ ದೋಷವೆಂದೂ ನಾವು ತಿಳಿದ ಅರ್ಧದಷ್ಟು ದೂರುಗಳು ಹೊಸ ಟೈರು ಬಂದ ದಿನ ಮಾಯವಾಗುತ್ತವೆ. ಮಾಯವಾಗದೆ ಉಳಿದವನ್ನು ಮಾತ್ರ ಮುಂದಿನ ಹಂತಗಳಿಗೆ ಒಯ್ಯಬೇಕು. ಜೂನ್ ಮೊದಲ ವಾರಕ್ಕೆ ಮುಂಚೆ ಟೈರು ಹಾಕಿಸಿ, ಮೊದಲ ಇನ್ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಿ, ಆಮೇಲೆ ಒಂದು ಮಳೆಗಾಲ ನೋಡುವುದು ಸರಿಯಾದ ಪರೀಕ್ಷೆ. ಗಾಳಿಯನ್ನು ಬೆಳಗ್ಗೆ ಟೈರು ತಣ್ಣಗಿರುವಾಗ ಅಳೆಯಬೇಕು. ಹತ್ತು ಕಿಲೋಮೀಟರ್ ಓಡಿಸಿ ಬಂಕಿಗೆ ಹೋಗಿ ಅಳೆದದ್ದು ಅಳತೆಯಲ್ಲ.

ಬ್ರೇಕು

ಈ ಭಾಗವನ್ನು ಸ್ವಲ್ಪ ವಿಸ್ತರಿಸಿ ಬರೆಯಬೇಕಾಗಿದೆ. ಇಬ್ಬರು ಕುಳಿತು ಡಿಕ್ಕಿಯಲ್ಲಿ ಸಾಮಾನು ತುಂಬಿದ 1300 ಕಿಲೋ ತೂಕದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದ್ದಾಗ ಅದರಲ್ಲಿರುವ ಚಲನಶಕ್ತಿ ಸುಮಾರು 500 ಕಿಲೋಜೂಲ್. ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾದಷ್ಟು ಶಾಖ ಅದು, ಮತ್ತು ನಿಲ್ಲುವಾಗ ಅದರ ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕುಗಳೊಳಗೆ ಕೆಲವೇ ಸೆಕೆಂಡುಗಳಲ್ಲಿ ಇಳಿಯುತ್ತದೆ. ವೇಗ 120 ಆದರೆ ಶಕ್ತಿ 720 ಕಿಲೋಜೂಲ್ ಆಗುತ್ತದೆ. ವೇಗ ಐದನೆಯ ಒಂದು ಪಾಲು ಹೆಚ್ಚಿದರೆ ಶಾಖ ಶೇಕಡಾ 44ರಷ್ಟು ಹೆಚ್ಚುತ್ತದೆ. ಎಂಜಿನ್ನಿಗೆ ಬಲ ಕೊಡುವುದೆಂದರೆ ಒಂದು ತಿರುವಿನಿಂದ ಇನ್ನೊಂದು ತಿರುವಿನೊಳಗೆ ಕಾರು ಹೆಚ್ಚು ವೇಗಕ್ಕೆ ತಲುಪುವುದು, ಅಂದರೆ ಪ್ರತಿ ತಿರುವಿನಲ್ಲೂ ಬ್ರೇಕಿಗೆ ಹೆಚ್ಚು ಶಾಖ ಒಪ್ಪಿಸುವುದು.

ಈ ಶಾಖ ಏನು ಮಾಡುತ್ತದೆ ಎಂಬುದಕ್ಕೆ ಪುಣೆಯವರು ದೂರ ಹೋಗಬೇಕಾಗಿಲ್ಲ. ಹೊಸ ಕಾತ್ರಜ್ ಸುರಂಗದಿಂದ ನವಲೆ ಸೇತುವೆಯ ಕಡೆಗೆ ಇಳಿಯುವ ಹೆದ್ದಾರಿಯಲ್ಲಿ ಬ್ರೇಕು ಹಿಡಿಯದ ಟ್ರಕ್ಕುಗಳು ಮುಂದಿನ ವಾಹನಗಳಿಗೆ ಗುದ್ದಿದ ಅಪಘಾತಗಳು ಪದೇಪದೇ ಆಗಿವೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವ ಚಾಳಿ ಅದಕ್ಕೊಂದು ಕಾರಣ ಎಂದು ಪೊಲೀಸರು ಹಲವು ಸಲ ಹೇಳಿದ್ದಾರೆ. ಕಾರು ಹಗುರವಾದದ್ದರಿಂದ ಅಷ್ಟು ಬೇಗ ಸೋಲುವುದಿಲ್ಲ, ಆದರೆ ತಾಮ್ಹಿಣಿ ಘಾಟಿನಿಂದ ಕೊಂಕಣಕ್ಕೆ ನಾಲ್ಕು ಜನರನ್ನು ಕೂರಿಸಿಕೊಂಡು ಕೇವಲ ಬ್ರೇಕನ್ನೇ ನಂಬಿ ಇಳಿದರೆ ಅದೂ ಸೋಲುತ್ತದೆ. ಸೋಲುವುದರಲ್ಲಿ ಎರಡು ಬಗೆಗಳಿದ್ದು, ಎರಡಕ್ಕೂ ಔಷಧ ಬೇರೆ. ಪೆಡಲು ಗಟ್ಟಿಯಾಗಿಯೇ ಇದ್ದು, ಎಷ್ಟು ಒತ್ತಿದರೂ ಕಾರು ನಿಧಾನವಾಗದಿದ್ದರೆ ಸೋತದ್ದು ಪ್ಯಾಡು. ಅದರ ಮಸಾಲೆ, ಅಂದರೆ ಡಿಸ್ಕಿಗೆ ಉಜ್ಜುವ ಪದಾರ್ಥ, ತಾಳುವ ಉಷ್ಣತೆ ಮೀರಿದೆ. ಪೆಡಲು ಸ್ಪಂಜಿನಂತೆ ಮೆತ್ತಗಾಗಿ ಕೆಳಗೆ ಹೋದರೆ ಸೋತದ್ದು ಬ್ರೇಕ್ ಆಯಿಲು. ಅದರೊಳಗೆ ಸೇರಿದ ನೀರು ಕುದಿದು ಆವಿಯ ಗುಳ್ಳೆಗಳಾಗಿವೆ.

ಎರಡನೆಯದು ನನಗೇ ಆದದ್ದು. ಒಂದು ಗ್ಯಾರೇಜಿನಲ್ಲಿ ಆಯಿಲು ಬದಲಿಸಿದಾಗ ಹುಡುಗ ಕಪಾಟಿನಿಂದ ತೆಗೆದದ್ದು ಯಾವತ್ತೋ ತೆರೆದಿಟ್ಟ, ಮುಚ್ಚಳ ಸಡಿಲಾಗಿದ್ದ ಬಾಟಲಿ. ನಾನು ನೋಡಿದೆ, ಸುಮ್ಮನಿದ್ದೆ. ಮೂರು ವಾರದ ನಂತರ ಘಾಟಿಯಲ್ಲಿ ಆರನೆಯ ಹೇರ್‌ಪಿನ್ ತಿರುವಿಗೆ ಬರುವಾಗ ಪೆಡಲು ಎಂದಿಗಿಂತ ಎರಡು ಬೆರಳು ಕೆಳಗೆ ಹೋಯಿತು. ಎರಡನೆಯ ಗೇರಿಗೆ ಇಳಿಸಿ, ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆದು, ಬದಿಯ ಮಣ್ಣಿನ ಮೇಲೆ ನಿಲ್ಲಿಸಿದೆ. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕು, ತೇವ ಹೀರಿದ ಮೇಲೆ ಅದು 155ಕ್ಕೆ ಇಳಿಯಬಹುದು. ಡಾಟ್ 3ರಲ್ಲಿ ಈ ಅಂಕಿಗಳು 205 ಮತ್ತು 140, ಡಾಟ್ 5.1ರಲ್ಲಿ 260 ಮತ್ತು 180. ಆದ್ದರಿಂದ ಸೀಲು ಒಡೆಯದ ಸಣ್ಣ ಬಾಟಲಿಯನ್ನು ನಾನೇ ಕೊಂಡೊಯ್ಯುತ್ತೇನೆ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುತ್ತೇನೆ, ಉಳಿದದ್ದನ್ನು ಚೆಲ್ಲುತ್ತೇನೆ. ಡಾಟ್ 5 ಎಂಬುದು ಸಿಲಿಕೋನಿನದು, ಹೆಸರು ಹತ್ತಿರವಾದರೂ ಜಾತಿ ಬೇರೆ. ಅದನ್ನು ಇವುಗಳೊಡನೆ ಬೆರೆಸಲೇಬಾರದು.

ಹಾಗಾಗಿ ಬ್ರೇಕಿನೊಳಗೂ ಒಂದು ಕ್ರಮವಿದೆ: ಮೊದಲು ಹೊಸ ಆಯಿಲು, ಅದರೊಡನೆ ಕ್ಯಾಲಿಪರಿನ ಪಿನ್ನುಗಳನ್ನು ತೆಗೆದು ಒರೆಸಿ ಸರಿಯಾದ ಗ್ರೀಸು ಹಚ್ಚುವುದು, ಹಿಂದಿನ ಡ್ರಮ್ಮುಗಳ ಹೊಂದಿಕೆ, ಆಮೇಲೆ ಉತ್ತಮ ಪ್ಯಾಡು, ಹಳೆಯ ರಬ್ಬರ್ ಹೋಸು ಬಿರುಕು ಬಿಟ್ಟಿದ್ದರೆ ಹೆಣೆದ ಉಕ್ಕಿನ ಹೊದಿಕೆಯ ಹೋಸು. ದಿನಬಳಕೆಯ ಕಾರಿಗೆ ಇಷ್ಟು ಸಾಕು, ಮತ್ತು ಹತ್ತರಲ್ಲಿ ಎಂಟು ಜನರಿಗೆ ದೊಡ್ಡ ಡಿಸ್ಕು ಬೇಕಾಗುವುದೇ ಇಲ್ಲ. ಮುಂದಿನ ಬ್ರೇಕನ್ನು ಮಾತ್ರ ದೊಡ್ಡದು ಮಾಡಿದರೆ ಮುಂದು-ಹಿಂದಿನ ಹಂಚಿಕೆ ಕೆಡುವ ಅಪಾಯವೂ ಇದೆ. ರೇಸಿಗೆಂದೇ ಮಾಡಿದ ಪ್ಯಾಡು ತಣ್ಣಗಿರುವಾಗ ಸರಿಯಾಗಿ ಹಿಡಿಯದು. ಬೆಳಗ್ಗೆ ಸೊಸೈಟಿಯ ಗೇಟಿನಿಂದ ಹೊರಬೀಳುವಾಗ ಅಡ್ಡ ಬರುವ ಸ್ಕೂಟರಿಗೆ ಬ್ರೇಕು ಬಿಸಿಯಾಗುವ ತನಕ ಕಾಯುವ ವ್ಯವಧಾನ ಇರುವುದಿಲ್ಲ. ಹೊಸ ಪ್ಯಾಡು ಹಾಕಿದ ಭಾನುವಾರ ಬೆಳಗ್ಗೆ ಭೋಸರಿ ಎಂಐಡಿಸಿಯ ಖಾಲಿ ರಸ್ತೆಯಲ್ಲಿ, ಹಿಂದೆ ಮುಂದೆ ನೋಡಿಕೊಂಡು, ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುವಂತೆ ವೇಗವನ್ನು 60ರಿಂದ 10ಕ್ಕೆ ಎಂಟು-ಹತ್ತು ಸಲ ಪೂರ್ತಿ ನಿಲ್ಲಿಸದೆ ಇಳಿಸಿ, ಕೊನೆಗೆ ಬ್ರೇಕು ಮುಟ್ಟದೆ ಕೆಲವು ಕಿಲೋಮೀಟರ್ ಓಡಿಸಿ ತಣಿಸಬೇಕು. ಬಿಸಿ ಡಿಸ್ಕಿನ ಮೇಲೆ ಪ್ಯಾಡನ್ನು ಒತ್ತಿ ಹಿಡಿದು ನಿಂತರೆ ಮಸಾಲೆ ಒಂದೇ ಕಡೆ ಅಂಟಿ, ಮುಂದೆ ಪೆಡಲು ನಡುಗಲು ಶುರುವಾಗುತ್ತದೆ.

ಸಸ್ಪೆನ್ಷನ್ನಿನಲ್ಲಿ ಹೇಳುವುದು ಕಡಿಮೆ

ಹಳೆಯ ಕಾರಿನಲ್ಲಿ ಲೋಯರ್ ಆರ್ಮಿನ ಬುಷ್, ಲಿಂಕ್ ರಾಡ್, ಸ್ಟ್ರಟ್ ಮೌಂಟ್, ಶಾಕ್ ಅಬ್ಸಾರ್ಬರ್ ಇವು ಸವೆದಿರುತ್ತವೆ. ಇವನ್ನು ಕಂಪನಿಯ ಗುಣಮಟ್ಟದ ಹೊಸ ಭಾಗಗಳಿಂದ ಬದಲಿಸಿದರೆ ಅದೇ ದೊಡ್ಡ ಸುಧಾರಣೆ. ಸ್ಟ್ರಟ್ಟು ಒಮ್ಮೆ ಕೆಳಗಿಳಿದಾಗ ಅದಕ್ಕೆ ಸಂಬಂಧಿಸಿದ ಎಲ್ಲವನ್ನೂ ಅದೇ ಮಜೂರಿಯಲ್ಲಿ ಮುಗಿಸಿ, ಕೊನೆಗೆ ಒಮ್ಮೆ ಮಾತ್ರ ಅಲೈನ್‌ಮೆಂಟ್ ಮಾಡಿಸಬೇಕು. ಕಾರನ್ನು ತಗ್ಗಿಸುವ ಸ್ಪ್ರಿಂಗುಗಳ ಬಗ್ಗೆ ನನಗೆ ಉತ್ಸಾಹವಿಲ್ಲ. ನಮ್ಮ ಸ್ಪೀಡ್ ಬ್ರೇಕರುಗಳಿಗೆ ಅಳತೆಯೆಂಬುದಿಲ್ಲ, ಮತ್ತು ಊರಿಗೆ ಹೋಗುವಾಗ ಡಿಕ್ಕಿಯಲ್ಲಿ ಜೋಳದ ಚೀಲ ಬರುವ ಕಾರು ಇಪ್ಪತ್ತೈದು ಮಿಲಿಮೀಟರ್ ತಗ್ಗಿದರೂ ಬಂಪ್ ಸ್ಟಾಪಿನ (ಸ್ಪ್ರಿಂಗು ಪೂರ್ತಿ ಒತ್ತಿದಾಗ ತಡೆಯುವ ರಬ್ಬರಿನ) ಮೇಲೆಯೇ ಓಡುತ್ತದೆ.

ಎಂಜಿನ್ನಿನ ಸರದಿ

ಟರ್ಬೊ ಇಲ್ಲದ ಎಂಜಿನ್ನಿನವರಿಗೆ ಹೇಳಬೇಕಾದದ್ದು ಚಿಕ್ಕದು: ಫಿಲ್ಟರು, ಸೈಲೆನ್ಸರು, ರೀಮ್ಯಾಪ್ ಮೂರನ್ನೂ ಮಾಡಿಸಿದರೂ ಕೈಗೆ ಸಿಗುವ ಬಲ ಕೊಟ್ಟ ದುಡ್ಡಿಗೆ ತಕ್ಕದಾಗಿರುವುದಿಲ್ಲ. ಬಾನೆಟ್ಟಿನೊಳಗೆ ತೆರೆದಿಟ್ಟ ಕೋನದ ಆಕಾರದ ಫಿಲ್ಟರು ಎಂಜಿನ್ನಿನ ಬಿಸಿ ಗಾಳಿಯನ್ನೇ ಎಳೆದುಕೊಂಡು ಬಲವನ್ನು ಕಡಿಮೆ ಮಾಡುವುದೂ ಉಂಟು. ಸದ್ದು ಮಾತ್ರ ಹೆಚ್ಚುತ್ತದೆ, ಅದನ್ನೇ ಬಲವೆಂದು ತಿಳಿದು ಸಂತೋಷಪಡುವವರಿದ್ದಾರೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಮುಂಬಯಿಯದಕ್ಕಿಂತ ಶೇಕಡಾ ಐದರಷ್ಟು ತೆಳುವಾಗಿದೆ, ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಅಷ್ಟು ಬಲವನ್ನು ಹಾಗೆಯೇ ಕಳೆದುಕೊಳ್ಳುತ್ತದೆ. ಮುಂಬಯಿಯ ಡೈನೋದಲ್ಲಿ (ಎಂಜಿನ್ನಿನ ಬಲ ಅಳೆಯುವ ಯಂತ್ರದಲ್ಲಿ) ಮೊದಲು, ಪುಣೆಯ ಡೈನೋದಲ್ಲಿ ಆಮೇಲೆ ಅಳೆದು ಅಂಕಿ ಹೋಲಿಸುವವರು ಇದನ್ನು ನೆನಪಿಡಬೇಕು. ಹೋಲಿಕೆ ಬೇಕಿದ್ದರೆ ಅದೇ ಯಂತ್ರ, ಅದೇ ಗೇರು, ಅದೇ ಟೈರಿನ ಗಾಳಿ, ಕನಿಷ್ಠ ಮೂರು ಓಟ.

ಟರ್ಬೊ ಎಂಜಿನ್ನಿನಲ್ಲಿ ರೀಮ್ಯಾಪ್ ಎಲ್ಲ ಯಂತ್ರಭಾಗಗಳ ನಂತರವೇ ಬರಬೇಕು. ಮ್ಯಾಪ್ ಎಂದರೆ ಆ ದಿನ ಆ ಕಾರಿನಲ್ಲಿರುವ ಫಿಲ್ಟರು, ಇಂಟರ್‌ಕೂಲರು, ಸೈಲೆನ್ಸರು, ಪ್ಲಗ್ಗು, ಪೆಟ್ರೋಲುಗಳಿಗೆ ಬರೆದ ಲೆಕ್ಕ. ಆಮೇಲೆ ಇವುಗಳಲ್ಲಿ ಒಂದನ್ನು ಬದಲಿಸಿದರೂ ಲೆಕ್ಕವನ್ನು ಮತ್ತೆ ಬರೆಸಬೇಕಾಗಬಹುದು, ಮತ್ತೆ ದುಡ್ಡು ಕೊಡಬೇಕಾಗಬಹುದು. ಮ್ಯಾಪ್‌ಗೆ ಮೊದಲು ಒಂದು ವಾರ ಓಬಿಡಿ ಸಾಧನ (ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವಂಥದ್ದು) ಸಿಕ್ಕಿಸಿ, ಕೇಳಿದ ಬೂಸ್ಟು (ಟರ್ಬೊ ಒತ್ತುವ ಗಾಳಿಯ ಒತ್ತಡ) ಎಷ್ಟು, ಸಿಕ್ಕ ಬೂಸ್ಟು ಎಷ್ಟು, ಒಳಬರುವ ಗಾಳಿಯ ಉಷ್ಣತೆ ಎಷ್ಟು, ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿಗೆ ಸಿಡಿಯುವುದು) ತಪ್ಪಿಸಲು ಇಗ್ನಿಷನ್, ಅಂದರೆ ಪ್ಲಗ್ಗಿನ ಕಿಡಿಯ ಸಮಯ, ಎಷ್ಟು ಡಿಗ್ರಿ ಹಿಂದೆ ಸರಿಯುತ್ತಿದೆ ಎಂಬುದನ್ನು ದಾಖಲಿಸಬೇಕು. ಮೂಲ ಮ್ಯಾಪ್‌ನಲ್ಲಿಯೇ ಇಗ್ನಿಷನ್ ಪದೇಪದೇ ಹಿಂದೆ ಸರಿಯುತ್ತಿದ್ದರೆ ಹೆಚ್ಚು ಬಲ ಕೇಳುವ ಹಕ್ಕು ಇನ್ನೂ ಬಂದಿಲ್ಲ.

ಪೆಟ್ರೋಲಿನ ವಿಷಯದಲ್ಲಿ ಟ್ಯೂನರು ಕೇಳದಿದ್ದರೂ ನೀವೇ ಹೇಳಬೇಕು. 100 ಆಕ್ಟೇನಿನ, ಅಂದರೆ ನಾಕಿಂಗನ್ನು ಹೆಚ್ಚು ತಡೆಯುವ, ಪೆಟ್ರೋಲು ಪುಣೆ, ಮುಂಬಯಿಗಳ ಕೆಲವು ಬಂಕುಗಳಲ್ಲಿ ಸಿಗುತ್ತದೆ, ಕರಾಡಿನಲ್ಲೋ ಸಂಕೇಶ್ವರದಲ್ಲೋ ರಾತ್ರಿ ಹತ್ತಕ್ಕೆ ಸಿಗುತ್ತದೆಂಬ ಭರವಸೆಯಿಲ್ಲ. ಊರಿನ ದಾರಿಯಲ್ಲಿ ಖಂಡಿತವಾಗಿ ಸಿಗುವ ಪೆಟ್ರೋಲಿಗೆ ಮ್ಯಾಪ್ ಬರೆಸುವುದೇ ಜಾಣತನ. ಈಗ ಬಂಕುಗಳಲ್ಲಿ ಬರುವುದು ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲಿನ ಒಂದು ಲೀಟರಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ ಶಕ್ತಿ ಇರುವುದರಿಂದ ಅದೇ ಬಲಕ್ಕೆ ಹೆಚ್ಚು ಇಂಧನ ಚಿಮ್ಮಬೇಕು. ಮಿತಿಯ ಅಂಚಿನಲ್ಲಿದ್ದ ಇಂಜೆಕ್ಟರು, ಪಂಪುಗಳಿಗೆ ಇದು ಹೊರೆ. 2023ಕ್ಕಿಂತ ಹಳೆಯ ಕಾರಾದರೆ ಇಂಧನದ ರಬ್ಬರ್ ಹೋಸುಗಳನ್ನೂ ಒಮ್ಮೆ ಕೈಯಿಂದ ಹಿಸುಕಿ ನೋಡಬೇಕು.

ಮ್ಯಾಪ್ ಮಾಡಿಸುವ ತಿಂಗಳೂ ಮುಖ್ಯ ಎಂದರೆ ಕೆಲವರು ಜ್ಯೋತಿಷ್ಯ ಎಂದು ನಗುತ್ತಾರೆ. ಡಿಸೆಂಬರಿನ ತಂಪಿನಲ್ಲಿ ಬರೆದ ಮ್ಯಾಪ್ ಗಾಳಿ ತಣ್ಣಗಿದ್ದಾಗ ಸೊಗಸಾಗಿ ಓಡಿ, ಮೇ ತಿಂಗಳ ಮಧ್ಯಾಹ್ನ ಕೊಲ್ಹಾಪುರದ ಟೋಲಿನ ಸಾಲಿನಲ್ಲಿ ನಿಂತು ಹೊರಟಾಗ ನಾಕಿಂಗ್ ಮಾಡಬಹುದು. ಅತಿ ಬಿಸಿಯಾದ ತಿಂಗಳಲ್ಲಿ ಬರೆಸಿ, ಅದೇ ಬಿಸಿಯಲ್ಲಿ ದಾಖಲಿಸಿ ನೋಡಿದರೆ ಉಳಿದ ಹನ್ನೊಂದು ತಿಂಗಳ ಚಿಂತೆಯಿಲ್ಲ.

ಹಣದ ಹಂಚಿಕೆಗೆ ಅಳಿಯನಿಗೆ ನಾನು ಹೇಳಿದ್ದು ಇಷ್ಟು: ಇರುವುದರಲ್ಲಿ ಮೂರನೆಯ ಒಂದು ಪಾಲು ಕಾರನ್ನು ಮೂಲಸ್ಥಿತಿಗೆ ತರುವುದಕ್ಕೆ, ಇನ್ನೊಂದು ಪಾಲು ಟೈರು ಮತ್ತು ಬ್ರೇಕಿಗೆ, ಉಳಿದದ್ದರಲ್ಲಿ ಸಸ್ಪೆನ್ಷನ್ನು, ಎಂಜಿನ್ನು ಎರಡೂ ಮುಗಿಯಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದಾದ ಮೇಲೆ ಕನಿಷ್ಠ ಸಾವಿರ ಕಿಲೋಮೀಟರ್ ಓಟ. ಇಲ್ಲದಿದ್ದರೆ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ಎಂದು ತಿಳಿಯುವುದಿಲ್ಲ. ಅವನು ನೂರು ಪುಟದ ಒಂದು ನೋಟ್‌ಬುಕ್ಕು ಕೊಂಡು ತಾರೀಖು, ಮೀಟರಿನ ಅಂಕಿ, ಏನು ಬದಲಾಯಿತು, ಏಕೆ, ಸಾವಿರ ಕಿಲೋಮೀಟರಿನ ನಂತರ ಏನು ಅನಿಸಿತು ಎಂದು ಐದು ಕಾಲಂ ಎಳೆದಿದ್ದಾನೆ. ಟೈರಿನ ಮುಂದೆ "ಮಳ್ಯಾಗ ಛಲೋ" ಎಂದಿದೆ. ಬುಷ್‌ಗಳ ಮುಂದೆ ಬಿಲ್ಲಿನ ಮೊತ್ತ ಬರೆದು ಎರಡು ಆಶ್ಚರ್ಯ ಚಿಹ್ನೆ ಹಾಕಿದ್ದಾನೆ. ಹದಿನೇಳು ಇಂಚಿನ ಅಲಾಯ್ ಮೇಲೆ ಅಡ್ಡಗೆರೆ ಎಳೆದಿದ್ದಾನೆ. ರೀಮ್ಯಾಪ್ ಎಂಬಲ್ಲಿ ಪೆನ್ಸಿಲ್ಲಿನಲ್ಲಿ "ಮೇ" ಎಂದಿದೆ. ಹಳೆಯ ಚೀಟಿಯ ಏಳನೆಯ ಸಾಲು ಮಾತ್ರ ಮುಗಿದಿದೆ: ಪಿನ್ನಿಗೆ ಗ್ರೀಸು ಹಚ್ಚಲು ಕ್ಯಾಲಿಪರು ಬಿಚ್ಚಿದ ದಿನ, ಹೇಗೂ ಕೆಳಗಿಳಿದಿದೆಯಲ್ಲ ಎಂದು, ಅದಕ್ಕೆ ಕೆಂಪು ಬಣ್ಣವನ್ನೂ ಹೊಡೆಸಿಬಿಟ್ಟ.